‘ಮಳೆಗೆ ಯಾಕೆ ಬೈತೀರಿ ಸ್ವಾಮಿ?’: ಒಂದು ಗೋಲ್‌ಪೋಸ್ಟಿನ ಸಂದರ್ಶನ

ಚಿಕಾಗೊ ನಗರದಲ್ಲಿ, ಮಿಶಿಗನ್ ಸರೋವರದ ದಡದಲ್ಲಿ ಸೋಲ್ಜರ್ ಫೀಲ್ಡ್ ಎಂಬ ಕ್ರೀಡಾಂಗಣವಿದೆ. 1934ರಿಂದ 1976ರವರೆಗೆ ಬೇಸಿಗೆ ಬಂತೆಂದರೆ ಹೆಚ್ಚಾಗಿ ಅಲ್ಲೇ ಒಂದು ವಿಚಿತ್ರ ಪಂದ್ಯ. ಒಂದು ಕಡೆ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಚಾಂಪಿಯನ್ನರು, ಇನ್ನೊಂದು ಕಡೆ ದೇಶದ ಮೂಲೆಮೂಲೆಯಿಂದ ಆರಿಸಿ ತಂದ, ಆಗಷ್ಟೇ ಕಾಲೇಜು ಮುಗಿಸಿದ ಹುಡುಗರು. ರಣಜಿ ಗೆದ್ದವರು ಇರಾನಿ ಕಪ್ಪಿಗಾಗಿ ಶೇಷ ಭಾರತದ ಮೇಲೆ ಆಡುತ್ತಾರಲ್ಲ (2014 ಮತ್ತು 2015ರಲ್ಲಿ ಕರ್ನಾಟಕವೇ ಗೆದ್ದಿತ್ತು), ಹೆಚ್ಚುಕಡಿಮೆ ಹಾಗೆ. ಕಾಲೇಜ್ ಆಲ್‌ಸ್ಟಾರ್ ಗೇಮ್ ಎಂದು ಹೆಸರು. 1976ರ ಜುಲೈ 23ರ ರಾತ್ರಿ ಪಂದ್ಯ ಅರ್ಧಕ್ಕೇ ನಿಂತಿತು. ಮೈದಾನಕ್ಕೆ ನುಗ್ಗಿದ ಜನ ಒಂದು ತುದಿಯ ಗೋಲ್‌ಪೋಸ್ಟನ್ನು ಕಿತ್ತು ಕೆಡವಿದರು. ಮತ್ತೆಂದೂ ಆ ಪಂದ್ಯ ನಡೆಯಲಿಲ್ಲ. ಕೆಡವಲ್ಪಟ್ಟ ಗೋಲ್‌ಪೋಸ್ಟ್ ನಮ್ಮೊಂದಿಗೆ ಮಾತಾಡಲು ಒಪ್ಪಿತು. ಫೋಟೋ ಬೇಡ ಎಂದಿತು.

ಪತ್ರಿಕೆ: ನಮಸ್ಕಾರ. ಮೊದಲು ತಮ್ಮ ಕಿರುಪರಿಚಯ ಮಾಡಿಕೊಡಬೇಕು.

ಕಂಬ: ಎರಡು ತೋಳು, ಒಂದು ಅಡ್ಡಪಟ್ಟಿ. ಬಲೆ ಇಲ್ಲ, ಕಾಯೋಕೆ ಕೀಪರೂ ಇಲ್ಲ. ನಿಮ್ಮ ಕಡೆ ಫುಟ್‌ಬಾಲಿನಲ್ಲಿ ಚೆಂಡು ಪಟ್ಟಿಯ ಕೆಳಗೆ ನುಗ್ಗಬೇಕು, ಇಲ್ಲಿ ಮೇಲೆ ಹಾರಬೇಕು. ನಮ್ಮ ವಂಶಕ್ಕೆ ಮೊದಲು ಎರಡು ಕಾಲಿದ್ದವು. 1967ರಲ್ಲಿ ಎನ್‌ಎಫ್‌ಎಲ್‌ನವರು ‘ಇನ್ನು ಒಂಟಿಕಾಲು’ ಅಂತ ಹುಕುಂ ಮಾಡಿದರು. ಸರಿ ಅಂದ್ವಿ. 1974ರಲ್ಲಿ ಹತ್ತು ಗಜ ಹಿಂದಕ್ಕೆ ಸರಿಸಿದರು. ಅದಕ್ಕೂ ಸರಿ ಅಂದ್ವಿ. ಕಂಬಗಳಿಗೆ ಯೂನಿಯನ್ ಇಲ್ಲ ನೋಡಿ.

ಪತ್ರಿಕೆ: ಈ ಪಂದ್ಯದ ಯೋಚನೆ ಯಾವ ಮಹಾನುಭಾವರಿಗೆ ಹೊಳೆಯಿತು?

ಕಂಬ: ನಿಮ್ಮ ಕಸುಬಿನವರಿಗೇ! ಚಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್. 1933ರಲ್ಲಿ ಬೇಸ್‌ಬಾಲಿನ ಆಲ್‌ಸ್ಟಾರ್ ಪಂದ್ಯ ಹುಟ್ಟುಹಾಕಿದವನೂ ಅವನೇ. ಅದು ಕೈಹಿಡೀತು, ಮಾರನೇ ವರ್ಷ ಇದು. ಆಟಗಾರರನ್ನು ಆರಿಸೋದಕ್ಕೆ ಓದುಗರ ವೋಟು, ವೋಟಿನ ಚೀಟಿ ಪೇಪರಿನಲ್ಲೇ. ಪಂದ್ಯ ಏರ್ಪಡಿಸೋದು ಪೇಪರು, ವರದಿ ಬರೆಯೋದು ಪೇಪರು, ‘ನಭೂತೋ ನಭವಿಷ್ಯತಿ’ ಅಂತ ಹೊಗಳೋದೂ ಅದೇ ಪೇಪರು. ಬಂದ ದುಡ್ಡು ದಾನಧರ್ಮಕ್ಕೆ ಹೋಗ್ತಿತ್ತು, ಅದನ್ನೂ ಬರ್ಕೊಳ್ಳಿ. ಸುಮ್ಮನೆ ನನ್ನನ್ನು ಸಿನಿಕ ಅಂದುಬಿಡ್ತೀರಿ.

ಪತ್ರಿಕೆ: ಮೊದಲ ಪಂದ್ಯ ರೋಚಕವಾಗಿತ್ತೇ?

ಕಂಬ: 1934ರ ಆಗಸ್ಟ್ 31. ಸೇರಿದ ಜನ 79,432. ಎದುರಾಳಿ ನಮ್ಮೂರಿನ ಚಿಕಾಗೊ ಬೇರ್ಸ್. ಕೊನೆಗೆ ಸ್ಕೋರು ಸೊನ್ನೆ-ಸೊನ್ನೆ. ಏನೂ ಆಗದ್ದನ್ನು ಅಷ್ಟೊಂದು ಜನ ಕಾಸು ಕೊಟ್ಟು ನೋಡಿ ಸಂತೋಷವಾಗಿ ಮನೆಗೆ ಹೋದರು. ನಗಬೇಡಿ. ಆ ಕಾಲದಲ್ಲಿ ಕಾಲೇಜಿನ ಫುಟ್‌ಬಾಲ್ ಅಂದ್ರೆ ಮರ್ಯಾದೆ. ಸಂಬಳಕ್ಕೆ ಆಡೋರು ಅಂದ್ರೆ ಜನಕ್ಕೆ ಅಷ್ಟಕ್ಕಷ್ಟೆ. ಚಾಂಪಿಯನ್ನರಿಗೆ ನಾವು ಸೋತಿಲ್ಲ ಅಂತ ಹುಡುಗರು ಬೀಗಿದರು. ಹುಡುಗರಿಗೆ ನಾವು ಸೋತಿಲ್ಲವಲ್ಲ ಅಂತ ಚಾಂಪಿಯನ್ನರು ಉಸಿರು ಬಿಟ್ಟರು.

ಮಾರನೇ ವರ್ಷ ಇನ್ನೂ ಚೆನ್ನಾಗಿತ್ತು. ಆಗ ಚಾಂಪಿಯನ್ ನ್ಯೂಯಾರ್ಕ್ ಜೈಂಟ್ಸ್. ಫೈನಲಿನಲ್ಲಿ ಅವರ ಕೈಲಿ ಸೋತಿದ್ದು ಬೇರ್ಸ್. ಆದರೆ ಪಂದ್ಯ ಆಡಿದ್ದು ಯಾರು? ಬೇರ್ಸ್! ಊರ ಜಾತ್ರೆಗೆ ಊರಿನ ತೇರೇ ಬೇಕು ತಾನೆ?

ಪತ್ರಿಕೆ: ಆ 1935ರ ಪಂದ್ಯದಲ್ಲಿ ಒಬ್ಬ ವಿಶೇಷ ಆಟಗಾರ ಇದ್ದರಂತೆ?

ಕಂಬ: ಮಿಶಿಗನ್ ವಿಶ್ವವಿದ್ಯಾಲಯದ ಹುಡುಗ, ಸೆಂಟರ್ ಜಾಗದಲ್ಲಿ ಆಡ್ತಿದ್ದ. ಬೇರ್ಸ್ 5-0ಯಿಂದ ಗೆದ್ದಿತು. ವೃತ್ತಿಪರ ತಂಡಗಳು ಕರೆದವು, ಅವನು ಒಲ್ಲೆ ಅಂದ. ಯೇಲ್‌ಗೆ ಹೋಗಿ ಕೋಚ್ ಆದ, ಲಾ ಓದಿದ. ಹೆಸರು ಜೆರಾಲ್ಡ್ ಫೋರ್ಡ್. ನನ್ನನ್ನು ಕಿತ್ತ ರಾತ್ರಿ ವೈಟ್‌ಹೌಸಿನಲ್ಲಿ ಕೂತಿದ್ದ ರಾಷ್ಟ್ರಾಧ್ಯಕ್ಷ ಅವನೇ. ‘ಮೇಲಿನವರ ಪರಿಚಯ ಇದೆ, ಏನೂ ಆಗಲ್ಲ ಬಿಡಿ’ ಅಂತ ಧೈರ್ಯ ಹೇಳೋರು ಸಿಕ್ಕಿದರೆ ನನ್ನ ಹತ್ತಿರ ಕಳಿಸಿ.

ಪತ್ರಿಕೆ: ಈ ಪಂದ್ಯದಿಂದ ಆಟಕ್ಕೆ ಏನಾದರೂ ಒಳ್ಳೆಯದಾಯಿತೇ, ಅಥವಾ ಬರೀ ತಮಾಷೆಯೇ?

ಕಂಬ: 1940ರ ಆಗಸ್ಟಿನದು ಹೇಳ್ತೀನಿ, ತಮಾಷೆಯೋ ಅಲ್ಲವೋ ನೀವೇ ನೋಡಿ. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ನಿಯಮದ ಪುಸ್ತಕದಲ್ಲಿ ಹಾಗಂತ ಬರೆದಿತ್ತಾ? ಎಲ್ಲೂ ಇಲ್ಲ. ಬರೆದಿದ್ದರೆ ಅಳಿಸಬಹುದಿತ್ತು. 1940ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಕೆನ್ನಿ ವಾಷಿಂಗ್ಟನ್ ಕಾಲೇಜು ತಂಡಕ್ಕೆ ಆಯ್ಕೆಯಾದ. ಎದುರಿಗೆ ಚಾಂಪಿಯನ್ ಗ್ರೀನ್ ಬೇ ಪ್ಯಾಕರ್ಸ್. ಕಾಲೇಜಿನವರು ಸೋತರು, ಆದರೆ ಅವನು ಗೆರೆ ದಾಟಿ ಟಚ್‌ಡೌನ್ ಹೊಡೆದ. ಚೆಂಡು ಎದೆಗವಚಿಕೊಂಡು ನುಗ್ಗುವವನ ಮೈಬಣ್ಣ ನನಗೆ ಕಾಣಿಸಲ್ಲ ಸ್ವಾಮಿ, ಗೆರೆ ದಾಟಿದನೋ ಇಲ್ಲವೋ ಅಷ್ಟೇ ಕಾಣೋದು. ಆದರೆ ಲೀಗಿನವರಿಗೆ ಕಂಡಿತು. ಚಾಂಪಿಯನ್ನರ ಎದುರು ಆಡೋಕೆ ಅವನು ಲಾಯಕ್ಕು, ಅವರ ಜೊತೆ ಆಡೋಕೆ ನಾಲಾಯಕ್ಕು! ಎನ್‌ಎಫ್‌ಎಲ್ ಅವನಿಗೆ ಬಾಗಿಲು ತೆಗೆದದ್ದು 1946ರಲ್ಲಿ, ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡದ ಮೂಲಕ. ಓಡುವ ಕಾಲಿಗೆ ಆರು ವರ್ಷ ಅಂದ್ರೆ ಎಷ್ಟು ಅಂತ ನಿಮಗೆ ಗೊತ್ತಲ್ಲ.

ಪತ್ರಿಕೆ: (ಸ್ವಲ್ಪ ಸುಮ್ಮನಿದ್ದು) ಹುಡುಗರು ಗೆದ್ದದ್ದೂ ಉಂಟಲ್ಲವೇ?

ಕಂಬ: ಒಟ್ಟು 42 ಪಂದ್ಯ. ವೃತ್ತಿಪರರು 31 ಗೆದ್ದರು, ಹುಡುಗರು 9, ಎರಡು ಸಮ. ಒಂಬತ್ತೂ ನನಗೆ ಬಾಯಿಪಾಠ. 1947ರಲ್ಲಿ 1,05,840 ಜನ ನೋಡ್ತಾ ಇರುವಾಗ ಬೇರ್ಸ್‌ಗೆ 16-0 ಬಡಿದರು. ಆದರೆ ಹೇಳಬೇಕಾದ್ದು 1963ರದು. ಪ್ಯಾಕರ್ಸ್ ತಂಡ ಸತತ ಎರಡು ವರ್ಷ ಗೆದ್ದು ಬಂದಿತ್ತು, ಕೋಚ್ ವಿನ್ಸ್ ಲೊಂಬಾರ್ಡಿ. ಶಿಸ್ತು ಅಂದ್ರೆ ಆತ. ಕೊನೆಯ ಕ್ವಾರ್ಟರಿನಲ್ಲಿ ರಾನ್ ವಾಂಡರ್‌ಕೆಲೆನ್ ಅನ್ನೋ ಹುಡುಗ ಪ್ಯಾಟ್ ರಿಕ್ಟರ್‌ಗೆ ಚೆಂಡು ಎಸೆದ. ರಿಕ್ಟರ್ ಹಿಡಿದ, ಓಡಿದ. 74 ಗಜದ ಟಚ್‌ಡೌನ್! ಇಬ್ಬರೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು. ಗ್ರೀನ್ ಬೇ ಇರೋದೂ ಅದೇ ರಾಜ್ಯದಲ್ಲಿ. ಸ್ವಂತ ರಾಜ್ಯದ ಹುಡುಗರೇ ಕೈಕೊಟ್ಟರು. ಹುಡುಗರು 20, ಚಾಂಪಿಯನ್ನರು 17. ಲೊಂಬಾರ್ಡಿ ಹಲ್ಲು ಕಡಿದ ಸದ್ದು ನನ್ನ ತಗಡಿಗೆ ಕೇಳಿಸಿತು ಅಂತೀನಿ, ಬೇಕಾದರೆ ನಂಬಿ.

ಆ ಹಲ್ಲುಕಡಿತಕ್ಕೇ ಈ ಪಂದ್ಯ ಇದ್ದದ್ದು. ಚಾಂಪಿಯನ್ನರಿಗೆ ಗೆದ್ದರೆ ಕಿರೀಟವಿಲ್ಲ, ಸೋತರೆ ಮಾತ್ರ ಅವಮಾನ. ಆ ಅವಮಾನದ ಭಯಕ್ಕೆ ಅವರು ಮೈಬಗ್ಗಿಸಿ ಆಡ್ತಿದ್ದರು. 1963ರ ನಂತರ ಹುಡುಗರು ಒಂದನ್ನೂ ಗೆಲ್ಲಲಿಲ್ಲ.

ಪತ್ರಿಕೆ: ಕೊನೆಯ ರಾತ್ರಿಯ ಬಗ್ಗೆ ಹೇಳಿ. ಆ ಹಾಳು ಮಳೆ ಬಾರದಿದ್ದರೆ...

ಕಂಬ: ಮಳೆಗೆ ಯಾಕೆ ಬೈತೀರಿ ಸ್ವಾಮಿ? ಬೈಯೋದಕ್ಕೆ ಅದೊಂದು ಸಿಕ್ಕಿತು ನಿಮಗೆ! ಸರಿ, ಕೇಳಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ 24, ಹುಡುಗರು ಸೊನ್ನೆ. ಮೂರನೇ ಕ್ವಾರ್ಟರ್ ಮುಗಿಯೋಕೆ ಇನ್ನು ಒಂದು ನಿಮಿಷ, ಇಪ್ಪತ್ತೆರಡು ಸೆಕೆಂಡು. ಗಾಳಿ, ಸಿಡಿಲು, ಸುರಿಯೋ ಮಳೆ. ಆಟ ನಿಲ್ಲಿಸಿದರು. ನೆಲಕ್ಕೆ ಹಾಸಿದ್ದು ನಿಜವಾದ ಹುಲ್ಲಲ್ಲ, ಪ್ಲಾಸ್ಟಿಕ್ ಹುಲ್ಲು. ಅದರ ಮೇಲೆ ನೀರು ನಿಂತಿತ್ತು. ಯಾರೋ ಒಬ್ಬ ಇಳಿದು ಹೊಟ್ಟೆ ಮೇಲೆ ಸರ್‍ರನೆ ಜಾರಿದ. ಇನ್ನೊಬ್ಬ ಜಾರಿದ. ಆಮೇಲೆ ಕೇಳ್ತೀರಾ? ಹುಡುಗರ ಕೋಚ್ ಆರಾ ಪಾರ್ಸೆಗಿಯನ್ ಕೈಮುಗಿದು ಹೇಳಿದ, ಯಾರೂ ಕೇಳಲಿಲ್ಲ. ಆ ರಾತ್ರಿಯ ಅತ್ಯುತ್ತಮ ಆಟ ಅದೇ, ಜಾರೋ ಆಟ. ಒಂದು ಗುಂಪು ನನ್ನ ತೋಳಿಗೆ ಜೋತುಬಿತ್ತು. ಗೆದ್ದ ಖುಷಿಗೆ ಕಂಬ ಕೀಳೋದು ಕಾಲೇಜಿನವರ ಹಳೇ ಪದ್ಧತಿ. ಅವತ್ತು ಯಾರು ಗೆದ್ದಿದ್ದರು? ಗೆದ್ದಿದ್ದು ಪಿಟ್ಸ್‌ಬರ್ಗು, ಜನ ಚಿಕಾಗೊದವರು! ರಾತ್ರಿ ಹನ್ನೊಂದರ ಹೊತ್ತಿಗೆ ‘ಪಂದ್ಯ ಮುಗೀತು’ ಅಂತ ಘೋಷಿಸಿದರು.

ಪತ್ರಿಕೆ: ಹಾಗಾದರೆ ಪಂದ್ಯವನ್ನು ಕೊಂದವರು ಯಾರು?

ಕಂಬ: ಮಂಡಿ.

ಪತ್ರಿಕೆ: ಮಂಡಿಯೇ?

ಕಂಬ: ಆಟಗಾರನ ಮಂಡಿ. ಹಳೇ ಕಾಲದಲ್ಲಿ ಅದು ಬರೀ ಮಂಡಿಯಾಗಿತ್ತು. ಆಮೇಲೆ ಟಿವಿ ದುಡ್ಡು ಬಂತು, ಹೊಸ ಹುಡುಗರಿಗೂ ಲಕ್ಷಗಟ್ಟಲೆ ಡಾಲರಿನ ಕರಾರು ಬಂತು, ಮಂಡಿ ಆಸ್ತಿಯಾಯಿತು. ತಂಡದವರು ‘ನಮ್ಮ ಹುಡುಗ ನಮ್ಮ ಶಿಬಿರದಲ್ಲಿರಲಿ, ನಿಮ್ಮ ದಾನಧರ್ಮಕ್ಕೆ ಅವನ ಕಾಲು ಮುರಿಯೋದು ಬೇಡ’ ಅಂದರು. ತಪ್ಪು ಅಂತ ಹೇಗೆ ಹೇಳಲಿ? ವಿಮೆಯ ಕಂತು ಏರ್ತಾ ಹೋಯಿತು. 1974ರಲ್ಲಿ ಆಟಗಾರರ ಮುಷ್ಕರ, ಪಂದ್ಯ ರದ್ದು. ಇದಿಲ್ಲದಿದ್ದರೂ ಸೀಸನ್ ಶುರುವಾಗುತ್ತೆ ಅಂತ ಅವತ್ತೇ ಎಲ್ಲರಿಗೂ ಗೊತ್ತಾಗಿಹೋಯಿತು. ಉಳಿದದ್ದು ಒಂದು ನೆಪ. ಮಳೆ ಅದನ್ನು ಒದಗಿಸಿತು.

ಪತ್ರಿಕೆ: ಚಾಂಪಿಯನ್ನರ ಎದುರು ಆಯ್ದ ವೃತ್ತಿಪರರನ್ನೇ ಆಡಿಸುವ ಪಂದ್ಯವೂ ಇತ್ತಂತೆ?

ಕಂಬ: ನಮ್ಮ ದಾಯಾದಿ. 1939ರ ಜನವರಿಯಲ್ಲಿ ಲಾಸ್ ಏಂಜಲಿಸಿನಲ್ಲಿ ಶುರು, ಜೈಂಟ್ಸ್ 13-10ರಿಂದ ಗೆದ್ದರು. ಐದು ಪಂದ್ಯ ನಡೆದವು. ಮೊದಲ ನಾಲ್ಕೂ ಚಾಂಪಿಯನ್ನರಿಗೆ. ಐದನೆಯದರಲ್ಲಿ, 1942ರ ಡಿಸೆಂಬರಿನಲ್ಲಿ, ಆಯ್ದವರು 17-14ರಿಂದ ವಾಷಿಂಗ್ಟನ್ ತಂಡವನ್ನು ಸೋಲಿಸಿದರು. ಅಲ್ಲಿಗೆ ಅಂಗಡಿ ಬಂದ್, ಯುದ್ಧಕಾಲ ಅನ್ನಿ. 1951ರಲ್ಲಿ ಮತ್ತೆ ತೆರೆದಾಗ ಚಾಂಪಿಯನ್ನರೇ ಮಾಯ, ಎರಡೂ ಕಡೆ ಆಯ್ದವರೇ. ಅದೇ ಪ್ರೊ ಬೌಲ್. ಅದರ ಗತಿ ನೋಡಿದಿರಲ್ಲ? 2023ರಿಂದ ಅದು ಫ್ಲ್ಯಾಗ್ ಫುಟ್‌ಬಾಲ್. ಸೊಂಟಕ್ಕೊಂದು ಬಟ್ಟೆಪಟ್ಟಿ ಸಿಕ್ಕಿಸಿಕೊಂಡು ಓಡೋದು, ಎದುರಾಳಿ ಅದನ್ನು ಕಿತ್ತರೆ ಓಟ ಅಲ್ಲಿಗೇ ಮುಗೀತು. ಬೀಳಿಸೋ ಹಾಗಿಲ್ಲ, ಗುದ್ದೋ ಹಾಗಿಲ್ಲ. ಮಂಡಿಗಳು ಕ್ಷೇಮ. ಒದೆಯೋದೂ ಇಲ್ಲ, ಆದ್ದರಿಂದ ಕಂಬಕ್ಕೂ ಕೆಲಸವಿಲ್ಲ.

ಪತ್ರಿಕೆ: ಯಾರಾದರೂ ನಿಮ್ಮ ಪಂದ್ಯವನ್ನು ಮತ್ತೆ ಶುರು ಮಾಡುತ್ತೇವೆಂದರೆ ಬಂದು ನಿಲ್ಲುತ್ತೀರಾ?

ಕಂಬ: ನಿಲ್ತೀನಿ, ಒಂದು ಷರತ್ತಿನ ಮೇಲೆ. ನನ್ನ ಮೇಲೂ ವಿಮೆ ಮಾಡಿಸಬೇಕು. ಜನ ನುಗ್ಗಿ ಕಿತ್ತರೆ ಎಷ್ಟು, ಒಂದೇ ತೋಳು ಬಾಗಿದರೆ ಎಷ್ಟು, ಎಲ್ಲ ಬರವಣಿಗೆಯಲ್ಲಿ ಬೇಕು. ಪ್ರೀಮಿಯಂ ಯಾರು ಕಟ್ತಾರೆ? ನಿಮ್ಮ ಪತ್ರಿಕೆಯವರೇ ಕಟ್ತಾರಾ, ಕೇಳಿ ಹೇಳಿ.

(ಸಂಪಾದಕರನ್ನು ಕೇಳಿದೆವು. ಮಳೆಗಾಲ ಕಳೆಯಲಿ, ನೋಡೋಣ ಎಂದಿದ್ದಾರೆ.)