ಗುದ್ದಲಿಗೊಂದು ಕಾವು

ಗುದ್ದಲಿ ಕೊಳ್ಳಲು ಹೋದವರು ಕಬ್ಬಿಣವನ್ನು ಬೆರಳಲ್ಲಿ ತಟ್ಟಿ, ಠಣ್ ಎಂಬ ಸದ್ದು ಕೇಳಿ, ಬಾಯಿಯ ಹರಿತ ನೋಡಿ, ಕೊನೆಗೆ "ಯಾವುದಾದರೂ ಒಂದು ಕಾವು ಹಾಕಿಕೊಡಿ" ಅನ್ನುತ್ತಾರೆ. ಮಣ್ಣಿಗೆ ತಾಗುವುದಕ್ಕೆ ಇಷ್ಟೊಂದು ಪರೀಕ್ಷೆ, ಮೈಗೆ ತಾಗುವುದಕ್ಕೆ ಯಾವುದಾದರೂ ಒಂದು! ಚಪ್ಪಲಿಯನ್ನಾದರೆ ಅಂಗಡಿಯಲ್ಲೇ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುವ ಜನ ನಾವು.

ನಮ್ಮ ಮನೆಯಲ್ಲಿರುವುದು ಒಂದೇ ಗುದ್ದಲಿ. ಕಾವು ಹೆಂಡತಿಯ ಅಳತೆಯದು. ಅವಳು ಅಷ್ಟೇನೂ ಬಗ್ಗದೆ ಹರಿವೆ ಮಡಿ ಅಗೆದು ಮುಗಿಸುತ್ತಾಳೆ. ನಾನು ಹಿಡಿದರೆ ಪಕ್ಕದ ಮನೆಯ ಅಜ್ಜನಿಗೆ ಕಾಂಪೌಂಡಿನಾಚೆಯಿಂದ ಅಡ್ಡಬೀಳುವ ಭಂಗಿ. ಒಂದು ಸಲ ಅವರು ಆಶೀರ್ವಾದವನ್ನೂ ಮಾಡಿಬಿಟ್ಟರು.

ಬಗ್ಗುವುದು ಬರೀ ನಗೆಯ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿಗಳಿಗೆ ಗಿಡ್ಡ ಕಾವಿನ ಗುದ್ದಲಿಯನ್ನೇ ಕೊಡುತ್ತಿದ್ದರು. ಬಗ್ಗಿದವನು ದುಡಿಯುತ್ತಿದ್ದಾನೆ, ನೆಟ್ಟಗಾದವನು ಮೈಗಳ್ಳ ಎಂದು ಮೇಸ್ತ್ರಿ ದೂರದಿಂದಲೇ ಲೆಕ್ಕ ಹಾಕಬಹುದಿತ್ತು. ಬೆನ್ನು ಕಳೆದುಕೊಂಡವರು ಕೋರ್ಟಿಗೆ ಹೋದರು. 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಿತ್ತು.

ಉದ್ದ ಸರಿಯಿದ್ದರೆ ಸಾಲದು, ದಪ್ಪವೂ ಸರಿಯಿರಬೇಕು. ಕಾವು ಸಣಕಲಾದರೆ ಜಾರದಂತೆ ಮುಷ್ಟಿ ಬಿಗಿದು ಬಿಗಿದು ಮೊಣಕೈವರೆಗೂ ನೋವು. ತೀರಾ ದಪ್ಪವಾದರೆ ಬೆರಳು ಸುತ್ತಿಬರುವುದಿಲ್ಲ. ಸುಮಾರು 3ರಿಂದ 4 ಸೆಂಟಿಮೀಟರ್ ಇದ್ದರೆ ಬಹಳಷ್ಟು ಕೈಗಳಿಗೆ ಹಿತ. ಒಳ್ಳೆಯ ಕೊಡಲಿಯ ಕಾವು ಗುಂಡಗಿರದೆ ಅಂಡಾಕಾರವಾಗಿರುತ್ತದೆ. ಬಾಯಿ ಯಾವ ಕಡೆಗಿದೆ ಎಂದು ಕಣ್ಣು ಕೇಳಬೇಕಿಲ್ಲ, ಅಂಗೈಗೇ ತಿಳಿಯುತ್ತದೆ. ಕಬ್ಬಿಣದ ಪೈಪಿನ ಕಾವು ಮುರಿಯುವುದಿಲ್ಲ, ನಿಜ. ಆದರೆ ಕಲ್ಲಿಗೆ ಬಡಿದ ಸುದ್ದಿಯನ್ನು ದವಡೆಯವರೆಗೂ ತಲುಪಿಸುತ್ತದೆ. ಜಾಲಿಮರದ ಕಾವು ಅದರಲ್ಲಿ ಅಷ್ಟಿಷ್ಟು ತಾನೇ ನುಂಗಿಕೊಳ್ಳುತ್ತದೆ. ಅದು ಸಡಿಲವಾದರೆ ನೀರಲ್ಲಿ ನೆನೆಸಿಡುವವರಿದ್ದಾರೆ. ಮರ ಉಬ್ಬಿ ಬಿಗಿಯಾಗುತ್ತದೆ, ಒಣಗಿದ ಮೇಲೆ ಮತ್ತೆ ಅದೇ ಕಥೆ. ಬೆಣೆ ಹೊಡೆಯುವುದೇ ಲೇಸು.

ಈಗ ಬೆರಳಿಗೊಂದು ಹಳ್ಳವಿರುವ ರಬ್ಬರ್ ಹಿಡಿಯ ಕೈಸಲಿಕೆಗಳು ಬಂದಿವೆ. ಆ ಹಳ್ಳಗಳು ಯಾರ ಬೆರಳಿನ ಅಳತೆಯವೋ, ನನ್ನ ಕಿರುಬೆರಳು ಮಾತ್ರ ಸದಾ ದಿಣ್ಣೆಯ ಮೇಲೆ. "ಎಲ್ಲರ ಕೈಗೂ ಒಪ್ಪುತ್ತೆ ಸಾರ್" ಎಂದು ಅಂಗಡಿಯವನು ಹಿಡಿದು ತೋರಿಸಿದ. ಅವನ ಕೈಗೆ ಒಪ್ಪಿತ್ತು.

ಇಷ್ಟೆಲ್ಲ ಪಾಂಡಿತ್ಯವನ್ನು ಹೆಂಡತಿಯ ಮುಂದೆ ಹರಡಿ, ನನ್ನೆತ್ತರಕ್ಕೆ ತಕ್ಕ ಕಾವಿನ ಗುದ್ದಲಿಯೊಂದನ್ನು ತರೋಣವೆಂದೆ. "ತನ್ನಿ. ಆದರೆ ಆಮೇಲೆ ಸೊಂಟನೋವು ಅನ್ನುವ ಹಾಗಿಲ್ಲ, ಹಿತ್ತಲು ಪೂರ್ತಿ ನಿಮ್ಮದೇ" ಅಂದಳು.

ಅವಸರವೇನಿಲ್ಲ, ಮಳೆಗಾಲ ಕಳೆಯಲಿ.