ಅನಿರ್ದಿಷ್ಟ ಎದೆನೋವಿನವರ ಸನ್ನಿಧಾನಕ್ಕೆ

ಶ್ರೀಮಾನ್ ಆರ್07.4 ಅವರಿಗೆ,

ತಾವು ನನ್ನನ್ನು ಬಲ್ಲಿರೋ ಇಲ್ಲವೋ, ತಮ್ಮ ಪರಿಚಯವಂತೂ ನಮ್ಮ ಮನೆಗೆ ದುಬಾರಿಯಾಗಿಯೇ ಆಯಿತು. ಮಾವನವರ ಡಿಸ್‌ಚಾರ್ಜ್ ಸಮ್ಮರಿಯ ಮೂಲೆಯಲ್ಲಿ ತಾವು ಕೂತಿದ್ದಿರಿ. ಪೂರ್ಣ ನಾಮಧೇಯ 'ಎದೆನೋವು, ಅನಿರ್ದಿಷ್ಟ'. ವಿಳಾಸ, ವಿಶ್ವ ಆರೋಗ್ಯ ಸಂಸ್ಥೆಯವರ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿ, ಹದಿನೆಂಟನೇ ಅಧ್ಯಾಯ. ಬೇರೆಲ್ಲೂ ಜಾಗ ಸಿಗದ ಲಕ್ಷಣಗಳಿಗೆಂದು ಕಟ್ಟಿಸಿದ ಛತ್ರ ಅದು.

ತಮ್ಮ ನೆರೆಹೊರೆಯವರನ್ನೂ ವಿಚಾರಿಸಿದೆ. ಆರ್00.2, ಎದೆ ಡವಗುಟ್ಟುವುದು. ಆರ್06.6, ಬಿಕ್ಕಳಿಕೆ. ಆರ್06.7, ಸೀನು. ಆರ್03.0 ಅವರಂತೂ ಸಾತ್ವಿಕರು: ಬಿಪಿ ಏರಿದ್ದು ಕಂಡಿದೆ, ಆದರೆ ರೋಗ ಅಂತ ಹೇಳುವುದಿಲ್ಲ ಎನ್ನುವವರು. ಇನ್ನು ಆರ್09.8 ಇದ್ದಾರಲ್ಲ, ರಕ್ತಪರಿಚಲನೆ ಮತ್ತು ಉಸಿರಾಟದ 'ನಿರ್ದಿಷ್ಟವಾದ ಇತರ' ಲಕ್ಷಣಗಳವರು, ಅವರ ಹೆಸರು ಬರೆದವರಿಗೆ ಯಾವುದಾದರೂ ಅಕಾಡೆಮಿ ಪ್ರಶಸ್ತಿ ಕೊಡಬೇಕು. ನಿರ್ದಿಷ್ಟವೂ ಹೌದಂತೆ, ಇತರವೂ ಹೌದಂತೆ. ಅದೇ ಅಧ್ಯಾಯದ ಆರ್46.7 ಮಾತ್ರ ನನಗೇ ಅಂತ ಮಾಡಿಟ್ಟ ಹಾಗಿದೆ. ಬಂದ ಕಾರಣವೇ ಮರೆಯಾಗಿ ಹೋಗುವಷ್ಟು ಮಾತಾಡುವವರಿಗೆ ಹಾಕುವ ಕೋಡ್ ಅದು. ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ಮಾವನವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು. ಒಂದು ರಾತ್ರಿ ಊಟವಾದ ಮೇಲೆ "ಎದೆ ಹಿಡಿದ ಹಾಗಾಗ್ತಿದೆ ಕಣೇ" ಅಂದರು. ನಮ್ಮ ಅತ್ತೆಯವರ ವರ್ಗೀಕರಣದಲ್ಲಿ ಇರುವುದು ಒಂದೇ ಕೋಡ್: ಗ್ಯಾಸ್. ಜೀರಿಗೆ ಕಷಾಯ ಆಯಿತು, ಬೆನ್ನು ನೀವಿದ್ದಾಯಿತು, ಸೋಡಾ ತರಿಸಿದ್ದಾಯಿತು. ಬೆವರು ಕಿತ್ತುಕೊಂಡು ಬಂದು "ಉಸಿರು ಸಾಲ್ತಿಲ್ಲ" ಅಂದಾಗ ಕಾರು ತೆಗೆದೆ. ಇಸಿಜಿ ಸರಿ ಇತ್ತು. ರಕ್ತದ ಟ್ರೋಪೋನಿನ್ ಪರೀಕ್ಷೆಯೂ ಸರಿ ಇತ್ತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿ ಮಾತ್ರ ಬಿಡಲಿಲ್ಲ. "ಮೊದಲನೇ ಟ್ರೋಪೋನಿನ್ ನಂಬ್ಕೊಂಡು ಮನೆಗೆ ಕಳಿಸೋಕಾಗಲ್ಲ ಸರ್. ಅಂಕಲ್‌ಗೆ ಶುಗರ್ ಇದೆ. ಕೆಲವು ಗಂಟೆ ಬಿಟ್ಟು ಇನ್ನೊಂದ್ಸಲ ನೋಡ್ಬೇಕು." ನೋಡಿದರು. ಎಕೋ ಮಾಡಿದರು. ಮರುದಿನವೂ ಇಟ್ಟುಕೊಂಡರು. ಎಲ್ಲ ಸರಿ. ಆಮೇಲೆ ಆಕೆ ತಮ್ಮನ್ನು ಬರೆದಳು.

ಬಿಲ್ಲಿಂಗ್ ಕೌಂಟರಿನ ಪಕ್ಕದ ವಿಮಾ ಡೆಸ್ಕಿನ ಹುಡುಗ ಕಂಪ್ಯೂಟರ್ ನೋಡಿಕೊಂಡೇ "ಕ್ಯಾಶ್‌ಲೆಸ್ ರಿಜೆಕ್ಟ್ ಆಗಿದೆ ಸರ್" ಅಂದ. ಯಾಕಪ್ಪಾ ಅಂದೆ. "ಡಯಾಗ್ನಸಿಸ್ ಏನೂ ಇಲ್ವಲ್ಲ ಸರ್, ಬರೀ ಸಿಂಪ್ಟಮ್ ಇದೆ. ಅಟ್ಯಾಕ್ ಆಗಿದ್ರೆ ಏನೂ ತೊಂದ್ರೆ ಇರ್ತಿರ್ಲಿಲ್ಲ." ಒಳ್ಳೆಯ ಹುಡುಗ, ನಿಜಕ್ಕೂ ಬೇಜಾರು ಮಾಡಿಕೊಂಡೇ ಹೇಳಿದ. ವೀಲ್‌ಚೇರಿನಲ್ಲಿದ್ದ ಮಾವನವರು ಮನೆಯ ಮರ್ಯಾದೆ ಕಳೆದವರಂತೆ ತಲೆ ತಗ್ಗಿಸಿದರು.

ತಿರಸ್ಕಾರದ ಪತ್ರದಲ್ಲಿ ಕಾರಣವಾಗಿ ಇದ್ದದ್ದು ಎಕ್ಸ್‌ಕ್ಲ್04. ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಆರೋಗ್ಯ ಪಾಲಿಸಿಗಳಿಗೂ ಒಂದೇ ಪಡಿಯಚ್ಚಿನಲ್ಲಿ ಇಳಿಸಿಕೊಟ್ಟ ಹೊರಗಿಡುವಿಕೆಗಳಲ್ಲಿ ಇದೂ ಒಂದು. ಪ್ರಧಾನವಾಗಿ ತಪಾಸಣೆಗೆಂದೇ ದಾಖಲಾದರೆ ದುಡ್ಡಿಲ್ಲ. ಹೆಲ್ತ್ ಚೆಕಪ್ಪಿಗೆಂದು ಎರಡು ದಿನ ಏಸಿ ರೂಮಿನಲ್ಲಿ ಮಲಗಿ ಬಿಲ್ ಕಳಿಸುವವರನ್ನು ತಡೆಯಲು ಮಾಡಿದ ನಿಯಮ ಇರಬಹುದು, ತಪ್ಪೇನಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಬೆವರುತ್ತಾ ಬಂದ ಮುದುಕರು ತಪಾಸಣೆಗೆ ಬಂದವರೋ ಚಿಕಿತ್ಸೆಗೆ ಬಂದವರೋ ಎಂಬುದು ಹೇಗೆ ತೀರ್ಮಾನವಾಗುತ್ತದೆ? ರಿಪೋರ್ಟ್ ಬಂದ ಮೇಲೆ! ಕೆಟ್ಟದ್ದು ಬಂದರೆ ಚಿಕಿತ್ಸೆ, ಒಳ್ಳೆಯದು ಬಂದರೆ ತಪಾಸಣೆ. ಐ21, ಅಂದರೆ ಹೃದಯಾಘಾತ, ಸಿಕ್ಕಿದ್ದರೆ ಹುಡುಕಿದ್ದೂ ನ್ಯಾಯವೇ ಆಗುತ್ತಿತ್ತು.

ನಮ್ಮ ಪರಿಚಯದವರೊಬ್ಬರು, ಆಸ್ಪತ್ರೆಗಳ ಒಳಹೊರಗು ಬಲ್ಲವರು, ದಾರಿ ಹೇಳಿಕೊಟ್ಟರು. "ಅನ್‌ಸ್ಟೇಬಲ್ ಆಂಜೈನಾ ಅಂತ ಬರೆಸಿಬಿಡಿ. ಐ20.0. ಯಾರೂ ಕೇಳಲ್ಲ." ನೋಡಿ ಸ್ವಾಮಿ, ಆಯ್ಕೆ ಹೇಗಿದೆ. ಗೊತ್ತಿಲ್ಲ ಎಂಬ ನಿಜ ಬರೆದರೆ ದುಡ್ಡು ನಮ್ಮ ಜೇಬಿನದು. ಸುಳ್ಳು ಬರೆಸಿದರೆ ದುಡ್ಡು ಬರುತ್ತದೆ, ಜೊತೆಗೆ ಗಟ್ಟಿಮುಟ್ಟಾದ ಮನುಷ್ಯ ರಾತ್ರೋರಾತ್ರಿ ಹೃದ್ರೋಗಿ ಆಗುತ್ತಾನೆ. ನಾಳೆ ವಿಮೆಯ ಮೊತ್ತ ಹೆಚ್ಚಿಸಲು ಹೋದರೆ ಅದೇ ಐ20.0 ಮೊದಲೇ ಇದ್ದ ಕಾಯಿಲೆಯಾಗಿ ಬಾಗಿಲಲ್ಲಿ ನಿಂತಿರುತ್ತದೆ. ಅದಕ್ಕೆ ಕಾಯುವ ಗರಿಷ್ಠ ಅವಧಿಯನ್ನು 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದ್ದಾರೆ, ಅದೊಂದು ಕರುಣೆ. ಇಲ್ಲದ ಕಾಯಿಲೆ ಮುಗಿಯಲು ಮೂರು ವರ್ಷ ಕಾದರೆ ಸಾಕು.

ಆ ಡಾಕ್ಟರ್ ಹುಡುಗಿಯನ್ನು ಕೇಳಿಯೂ ಬಿಟ್ಟೆ. "ಇಲ್ದೇ ಇರೋದನ್ನ ಹೇಗ್ ಬರೀಲಿ ಸರ್?" ಅಂದಳು. ಕೋಡಿಂಗ್ ನಿಯಮವೂ ಅವಳ ಕಡೆಗೇ ಇದೆ. ಎಲ್ಲ ನೋಡಿಯೂ ಕಾಯಿಲೆ ಸಿಗದಿದ್ದಾಗ ಲಕ್ಷಣವನ್ನೇ ಬರೆಯಬೇಕು, ತಾವಿರುವುದೇ ಅದಕ್ಕೆ.

ತಮ್ಮಂಥವರಿಗೆ ಅವಮಾನ ಹೊಸದೇನಲ್ಲ ಬಿಡಿ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆ ಡವಡವ, ಎದೆನೋವು, ಏದುಸಿರು ಎಂದು ಬಂದ ಸೈನಿಕರನ್ನು ಜೇಕಬ್ ಮೆಂಡಿಸ್ ಡಾ ಕೋಸ್ಟಾ ಎಂಬ ವೈದ್ಯ ಪರೀಕ್ಷಿಸಿದ. ಹೃದಯದಲ್ಲಿ ದೋಷ ಕಾಣದೆ ಅದಕ್ಕೆ 'ಕೆರಳಿದ ಹೃದಯ' ಎಂದು ಹೆಸರಿಟ್ಟು 1871ರಲ್ಲಿ ಬರೆದ. ಅವನ ಹೆಸರಿನ ಆ ಕಾಯಿಲೆಗೆ ಹತ್ತನೇ ಆವೃತ್ತಿ ಕೊಟ್ಟಿರುವ ಜಾಗ ಎಫ್45.3, ಮಾನಸಿಕ ಕಾಯಿಲೆಗಳ ಸಾಲಿನಲ್ಲಿ. ಎದೆಯಲ್ಲಿ ಏನೂ ಸಿಗದಿದ್ದರೆ ತಲೆಯಲ್ಲಿ ಹುಡುಕು ಎಂಬುದು ಅಂದಿನಿಂದ ನಡೆದು ಬಂದ ಸಂಪ್ರದಾಯ.

ನಮ್ಮಲ್ಲಿ 2025ರ ಜೂನ್-ಜುಲೈನಲ್ಲಿ ಹಾಸನದಿಂದ ದಿನಬೆಳಗಾದರೆ ಹಠಾತ್ ಸಾವಿನ ಸುದ್ದಿ ಬರುತ್ತಿದ್ದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದರು. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಕೊನೆಗೆ, ಹೃದಯಾಘಾತ ದಿಢೀರ್ ಏರಿದ್ದಕ್ಕೆ ಆಧಾರವಿಲ್ಲ ಎಂದಿತು. ಆ ಸಾಲಿನಲ್ಲಿ ತಮ್ಮ ಭಕ್ತಾದಿಗಳು ಎಷ್ಟು ಜನರಿದ್ದರೋ. ಒಂದು ಕಡೆ ಸರ್ಕಾರ, ಎದೆನೋವು ಬಂದರೆ ತಡಮಾಡಬೇಡಿ, ಗ್ಯಾಸ್ ಅಂತ ಕೂರಬೇಡಿ ಎನ್ನುತ್ತದೆ. ಇನ್ನೊಂದು ಕಡೆ ವಿಮಾ ಕಂಪನಿ, ಗ್ಯಾಸ್ ಆಗಿದ್ದರೆ ಯಾಕೆ ಬಂದಿರಿ ಎನ್ನುತ್ತದೆ. ಇವರಿಬ್ಬರ ನಡುವೆ ಗೆದ್ದವರು ನಮ್ಮ ಅತ್ತೆಯವರು. "ನಾನ್ ಆಗ್ಲೇ ಹೇಳಿದ್ದೆ" ಎಂದು ಈಗಲೂ ಅನ್ನುತ್ತಾರೆ, ಬಿಲ್ಲಿನ ಮೊತ್ತದ ಸಮೇತ.

ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ತಮ್ಮ ವಂಶದವರನ್ನೆಲ್ಲ 'ಎಂ' ಅಕ್ಷರದ ಕೆಳಗೆ ಸ್ಥಳಾಂತರಿಸಿದ್ದಾರಂತೆ. ನಮ್ಮ ಕಡತ ಇನ್ನೂ ತಮ್ಮ ಹಳೆಯ ಹೆಸರಿನಲ್ಲೇ ನಡೆಯುತ್ತಿದೆ. ಕಂಪನಿಯವರು ಈಗ ಎದೆನೋವಿನ ನಿಖರ ಕಾರಣವನ್ನು ವೈದ್ಯರಿಂದ ಬರೆಸಿ ಕಳಿಸಿ ಎಂದು ಕೇಳಿದ್ದಾರೆ. ನಾವು ವಿಮಾ ಒಂಬುಡ್ಸ್‌ಮನ್ ಬಾಗಿಲಿಗೆ ಹೊರಟಿದ್ದೇವೆ. ವಿಚಾರಣೆಗೆ ತಾವು ಖುದ್ದು ಬಂದು, ತಾವು ಸುಳ್ಳಲ್ಲ ಎಂದು ಸಾಕ್ಷಿ ಹೇಳಬೇಕು. ಬರುವಾಗ ಆರ್00.2 ಅವರನ್ನೂ ಕರೆತನ್ನಿ. ಕಂಪನಿಯವರ ಆ ಪತ್ರ ಬಂದಾಗಿನಿಂದ ಮಾವನವರಿಗೆ ಅವರ ಸಹವಾಸವೂ ಶುರುವಾಗಿದೆ.

ಇಂತಿ ತಮ್ಮ,
ಬಿಲ್ ಕಟ್ಟಿದ ಅಳಿಯ