ಘಟನೋತ್ತರ ಅನುಮೋದನೆ: ಬಳಕೆದಾರರ ಕೈಪಿಡಿ

ಈ ಸಾಧನವನ್ನು ಕೊಂಡಿದ್ದಕ್ಕೆ ಅಭಿನಂದನೆಗಳು. ನೀವು ಕೊಂಡಿಲ್ಲ, ನಿಮ್ಮ ಹೆಸರಿನಲ್ಲಿ ಇನ್ಯಾರೋ ಕೊಂಡಿದ್ದಾರೆ ಎಂದಾದರೆ ಇನ್ನೂ ಒಳ್ಳೆಯದು. ಈ ಕೈಪಿಡಿ ಬರೆದಿರುವುದೇ ನಿಮಗಾಗಿ.

ಪರಿಚಯ. ಮೊದಲು ಕೆಲಸ, ಆಮೇಲೆ ಅಪ್ಪಣೆ. ಕೆಲಸ ಮಾಡಿದವನಿಗೆ ಅಂದು ಅಧಿಕಾರವಿರಲಿಲ್ಲ. ಯಜಮಾನ ಇಂದು ‘ಹೂಂ’ ಅಂದರೆ ಅಂದೇ ಅಧಿಕಾರವಿತ್ತೆಂದು ಕಾನೂನು ಭಾವಿಸುತ್ತದೆ. ನಮ್ಮ ಕಚೇರಿಗಳ ನಡವಳಿ ಪುಸ್ತಕದಲ್ಲಿ ಇದು ಘಟನೋತ್ತರ ಅನುಮೋದನೆ. ಸಂವಿಧಾನ, ಅಂತರರಾಷ್ಟ್ರೀಯ ಒಪ್ಪಂದಗಳ ಮಟ್ಟಕ್ಕೇರಿದರೆ ಅನುಸಮರ್ಥನೆ. ಹಳೆಯ ಮಾದರಿ ರೋಮಿನದು. ಅಲ್ಲಿ ಇನ್ನೊಬ್ಬರ ಪರವಾಗಿ ದಾವೆ ಹೂಡಲು ಬಂದವನು, ‘ನಮ್ಮ ಯಜಮಾನರು ಇದನ್ನು ಒಪ್ಪುತ್ತಾರೆ’ ಎಂದು ಮುಂಚೆಯೇ ಜಾಮೀನು ಕೊಡಬೇಕಿತ್ತು. ನಮ್ಮಲ್ಲಿ ಬಳಕೆಯಲ್ಲಿರುವುದು 1872ರ ಭಾರತೀಯ ಕರಾರು ಕಾಯ್ದೆಯ ಮಾದರಿ, 196ರಿಂದ 200ರವರೆಗಿನ ಕಲಮುಗಳು.

ಚಾಲೂ ಮಾಡುವ ವಿಧಾನ. ನಿಮ್ಮ ಭಾವಮೈದುನ ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ದುಡ್ಡನ್ನು ಯಾರಿಗೋ ಸಾಲ ಕೊಟ್ಟಿದ್ದಾನೆ ಎನ್ನೋಣ. ಕೋಪ ಮಾಡಿಕೊಳ್ಳಿ, ಊಟ ಬಿಡಿ, ಹೆಂಡತಿಯ ಹತ್ತಿರ ಜಗಳವಾಡಿ. ಇದ್ಯಾವುದರಿಂದಲೂ ಸಾಧನ ಚಾಲೂ ಆಗುವುದಿಲ್ಲ. ಆದರೆ ಸಾಲಗಾರ ಬಡ್ಡಿ ತಂದಾಗ ಎಣಿಸಿ ಜೇಬಿಗಿಳಿಸಿದಿರೋ, ಮುಗಿಯಿತು. ಬಡ್ಡಿ ತೆಗೆದುಕೊಂಡದ್ದೇ ಒಪ್ಪಿಗೆ ಎಂದು 197ನೇ ಕಲಮಿನ ದೃಷ್ಟಾಂತವೇ ಹೇಳುತ್ತದೆ. ಸಹಿ ಬೇಡ, ಮೊಹರು ಬೇಡ. (ಕಾಯ್ದೆಯಲ್ಲಿ ಭಾವಮೈದುನ ಇಲ್ಲ, ಬರೀ ಎ, ಬಿ, ಸಿ ಇದ್ದಾರೆ. ಕಾಯ್ದೆ ಬರೆದವರಿಗೆ ನಂಟರಿರಲಿಲ್ಲ ಎಂದೇನೂ ಅಲ್ಲ.)

ಲಾಭದ ಭಾಗ ನನಗಿರಲಿ, ನಷ್ಟದ ಭಾಗ ಅವನಿಗಿರಲಿ ಎಂಬ ಗುಂಡಿಯನ್ನು ಹುಡುಕಬೇಡಿ. ಒಂದು ವ್ಯವಹಾರದ ತುಣುಕನ್ನು ಒಪ್ಪಿದರೆ ಇಡೀ ವ್ಯವಹಾರವನ್ನೇ ಒಪ್ಪಿದಂತೆ. ಸಂಗತಿಗಳು ಸರಿಯಾಗಿ ತಿಳಿಯದೆ ಕೊಟ್ಟ ಒಪ್ಪಿಗೆ ಮಾತ್ರ ನಿಲ್ಲುವುದಿಲ್ಲ. ಕಡತದ ಕೊನೆಯ ಪುಟವನ್ನಷ್ಟೇ ತಿರುವಿ ಸಹಿ ಹಾಕುವವರು 198ನೇ ಕಲಮನ್ನು ಬಿಡುವಾದಾಗ ಓದಬಹುದು.

ಎಚ್ಚರಿಕೆ. ಕೆಲಸ ನಡೆದಾಗ ಇನ್ನೂ ಹುಟ್ಟದಿದ್ದವರು ಈ ಸಾಧನವನ್ನು ಬಳಸುವಂತಿಲ್ಲ. 1866ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ಹೋಟೆಲ್ ಕಂಪನಿಯೊಂದನ್ನು ಕಟ್ಟಲು ಹೊರಟವರು, ಕಂಪನಿ ನೋಂದಣಿಯಾಗುವ ಮೊದಲೇ ಅದರ ಪರವಾಗಿ ಕೆಲ್ನರ್ ಎಂಬ ವ್ಯಾಪಾರಿಯಿಂದ ವೈನ್ ತರಿಸಿದರು. ವೈನ್ ಬಂತು, ಕುಡಿದೂ ಆಯಿತು. ಕಂಪನಿ ಹುಟ್ಟಿ ಆ ಖರೀದಿಯನ್ನು ಒಪ್ಪಿತು, ಹಣ ಕೊಡುವ ಮುನ್ನವೇ ಮುಳುಗಿತು. ಹುಟ್ಟುವ ಮೊದಲಿನ ಕರಾರನ್ನು ಹುಟ್ಟಿದ ಮೇಲೆ ಒಪ್ಪಲಾಗದು ಎಂದ ನ್ಯಾಯಾಲಯ, ಬಿಲ್ಲನ್ನು ಸಹಿ ಹಾಕಿದವರ ತಲೆಗೇ ಕಟ್ಟಿತು. ಕೆಲ್ನರ್ ವಿರುದ್ಧ ಬ್ಯಾಕ್ಸ್‌ಟರ್ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಉರುಹೊಡೆಯುವುದು ಈ ವೈನಿನ ಬಾಕಿಯನ್ನೇ.

ಮೂರನೆಯವರಿಗೆ ಪೆಟ್ಟು ಬೀಳುವಂತೆಯೂ ಬಳಸಬಾರದು. ಅಧಿಕಾರವಿಲ್ಲದವನು ನಿಮ್ಮ ಬಾಡಿಗೆದಾರನಿಗೆ ಮನೆ ಬಿಡಲು ನೋಟಿಸು ಕೊಟ್ಟಿದ್ದರೆ, ಆಮೇಲೆ ನೀವು ಒಪ್ಪಿದಿರೆಂದು ಬಾಡಿಗೆದಾರ ಗಂಟುಮೂಟೆ ಕಟ್ಟಬೇಕಿಲ್ಲ.

ದೊಡ್ಡ ಗಾತ್ರದ ಮಾದರಿ. ದೇಶಗಳಿಗಾಗಿ. ಇಲ್ಲಿ ಸಹಿ ಬೇರೆ, ಅನುಸಮರ್ಥನೆ ಬೇರೆ. ಅಧ್ಯಕ್ಷ ವಿಲ್ಸನ್ ತಾವೇ ಕೂತು ಕುದುರಿಸಿದ ವರ್ಸೇಲ್ಸ್ ಒಪ್ಪಂದಕ್ಕೆ 1919ರಲ್ಲಿ ಸಹಿ ಹಾಕಿ ಬಂದರು. ಅಮೆರಿಕದ ಸೆನೆಟ್ ಮೂರನೇ ಎರಡರಷ್ಟು ಮತ ಕೊಡಲೇ ಇಲ್ಲ. ಭಾರತದಲ್ಲಿ ಅಂಥ ಮತದಾನದ ಕಟ್ಟುಪಾಡಿಲ್ಲ, ಸರ್ಕಾರವೇ ಅನುಸಮರ್ಥಿಸಬಹುದು. ಆದರೂ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಹಾಕಿದ ಸಹಿ ಇನ್ನೂ ಸಹಿಯಾಗಿಯೇ ಉಳಿದಿದೆ. ಇದನ್ನು ಯಂತ್ರದ ದೋಷವೆಂದು ದೂರು ಕೊಡಬೇಡಿ. ಇನ್ನು ನಮ್ಮ ಸಂವಿಧಾನದ ಕೆಲವು ತಿದ್ದುಪಡಿಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗ ಅನುಸಮರ್ಥನೆ ನೀಡಬೇಕು. ರಾಷ್ಟ್ರಪತಿಗಳ ಅಂಕಿತ ಬೀಳುವುದು ಆಮೇಲೆ. ಜಿಎಸ್‌ಟಿ ಬಂದದ್ದು ಈ ದಾರಿಯಲ್ಲೇ, 2016ರಲ್ಲಿ.

ಬಾಳಿಕೆ. ಗಡುವು ನಮೂದಿಸದಿದ್ದರೆ ಬಹಳ. ಸಂಸದರ ಸಂಬಳದ ಬದಲಾವಣೆ ಮುಂದಿನ ಚುನಾವಣೆಯ ನಂತರವೇ ಜಾರಿಯಾಗಬೇಕೆಂಬ ತಿದ್ದುಪಡಿಯನ್ನು ಅಮೆರಿಕದ ಕಾಂಗ್ರೆಸ್ 1789ರಲ್ಲಿ ರಾಜ್ಯಗಳಿಗೆ ಕಳಿಸಿತ್ತು. ಅದಿನ್ನೂ ಜೀವಂತವಿದೆ ಎಂದು 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗೊರಿ ವಾಟ್ಸನ್ ಪ್ರಬಂಧ ಬರೆದರು; ಸಿಕ್ಕಿದ್ದು ‘ಸಿ’ ದರ್ಜೆ. ಅವರು ಸುಮ್ಮನಿರದೆ ರಾಜ್ಯಗಳಿಗೆ ಪತ್ರದ ಮೇಲೆ ಪತ್ರ ಬರೆದರು. 1992ರಲ್ಲಿ ಅದು ಸಂವಿಧಾನದ 27ನೇ ತಿದ್ದುಪಡಿಯಾಯಿತು. ಪ್ರಬಂಧದ ದರ್ಜೆಯನ್ನು ವಿಶ್ವವಿದ್ಯಾಲಯ ‘ಎ’ ಎಂದು ತಿದ್ದಿದ್ದು 2017ರಲ್ಲಿ.